ಮೊಲದ ಮನೆಗೆ ಮೂರು ಹಲಗೆ



ಇಂಗ್ಲೆಂಡಿನ ತೋಟದ ಶೆಡ್ಡಿಗೆ ನುಗ್ಗಿದ ಮೊಲಗಳಲ್ಲಿ ಹೆಸರುವಾಸಿಯಾದದ್ದು ಪೀಟರ್. ಬಿಯಾಟ್ರಿಕ್ಸ್ ಪಾಟರ್ ಬರೆದು ಚಿತ್ರಿಸಿ, 1902ರಲ್ಲಿ ಫ್ರೆಡರಿಕ್ ವಾರ್ನ್ ಸಂಸ್ಥೆ ಹೊರತಂದ ಪುಟ್ಟ ಪುಸ್ತಕದ ನಾಯಕ. ಮೆಕ್‌ಗ್ರೆಗರ್ ಎಂಬ ಸಿಡುಕು ಮುದುಕನ ತೋಟಕ್ಕೆ ಕದ್ದು ಹೋಗಿ, ಹೊಟ್ಟೆ ಬಿರಿಯುವಷ್ಟು ಸೊಪ್ಪು, ಮೂಲಂಗಿ ಮೆದ್ದು, ಇನ್ನೇನು ಸಿಕ್ಕಿಬೀಳುತ್ತಾನೆ ಎನ್ನುವಾಗ ಸಲಕರಣೆ ಇಡುವ ಶೆಡ್ಡಿನೊಳಗೆ ಓಡಿ, ಗಿಡಗಳಿಗೆ ನೀರು ಹನಿಸುವ ಡಬ್ಬಿಯಲ್ಲಿ ಅಡಗಿ ಕೂರುತ್ತಾನೆ. ಡಬ್ಬಿಯಲ್ಲಿ ನೀರಿತ್ತು. ಪೀಟರ್ ಸೀನಿದ, ಗುಟ್ಟು ರಟ್ಟಾಯಿತು. ಪಾಟರ್ ಸ್ವತಃ ಮೊಲ ಸಾಕಿದವರು. ಶೆಡ್, ತೇವ, ಸೀನು, ಈ ಮೂರನ್ನೂ ಒಂದೇ ಪ್ರಸಂಗದಲ್ಲಿ ತಂದದ್ದು ಕತೆಯ ಅನುಕೂಲಕ್ಕೇ ಇರಬಹುದು. ಆದರೂ ಮೊಲ ಸಾಕುವವರ ಚಳಿಗಾಲದ ಚಿಂತೆ ಪೂರ್ತಿ ಅದರಲ್ಲಿ ಅಡಗಿದೆ.

ಬ್ರಿಟನ್ನಿನ ಹಿತ್ತಿಲುಗಳಲ್ಲಿ ಅಂಥ ಮರದ ಶೆಡ್ಡುಗಳು ಈಗ ಒಂದೊಂದಾಗಿ ಮೊಲಗಳ ಮನೆಯಾಗುತ್ತಿವೆ. ಹಿಂದೆ ಹೀಗಿರಲಿಲ್ಲ. ಮೊಲ ತಂದರೆ ಅದಕ್ಕೊಂದು ಹಚ್: ನಾಲ್ಕು ಕಾಲಿನ ಮೇಲೆ ನಿಲ್ಲಿಸಿ, ಮುಂದುಗಡೆ ತಂತಿಜಾಲರಿ ಬಡಿದ ಮರದ ಪೆಟ್ಟಿಗೆ. ಆ ಪೆಟ್ಟಿಗೆಯ ಮೂಲ ಉದ್ದೇಶ ಮಾಂಸ. ಎರಡನೇ ಮಹಾಯುದ್ಧದ ಕಾಲದಲ್ಲಿ ಮಾಂಸ ರೇಷನ್ನಿಗೆ ಬಂದಾಗ ಹಿತ್ತಿಲಲ್ಲಿ ಮೊಲ ಸಾಕಿ ಎಂದು ಅಲ್ಲಿನ ಸರ್ಕಾರವೇ ಜನರನ್ನು ಹುರಿದುಂಬಿಸಿತ್ತು. ಕೆಲವೇ ತಿಂಗಳಲ್ಲಿ ಅಡುಗೆಮನೆ ಸೇರುವ ಪ್ರಾಣಿಗೆ ಅಷ್ಟು ಜಾಗ ಸಾಕು ಎನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಮಕ್ಕಳ ಒಡನಾಡಿಯಾಗಿ ಎಂಟು ಹತ್ತು ವರ್ಷ ಬದುಕುವ ಪ್ರಾಣಿಗೂ ಅದೇ ಪೆಟ್ಟಿಗೆ ಮುಂದುವರಿದದ್ದು ಬರೀ ಅಭ್ಯಾಸಬಲದಿಂದ. ರ‍್ಯಾಬಿಟ್ ವೆಲ್ಫೇರ್ ಅಸೋಸಿಯೇಷನ್ ಅಂಡ್ ಫಂಡ್ ಎಂಬ ಅಲ್ಲಿನ ಸಂಸ್ಥೆ ‘ಹಚ್ ಸಾಲದು’ ಎಂದು ವರ್ಷಗಟ್ಟಲೆ ಪ್ರಚಾರ ಮಾಡುತ್ತ ಬಂದಿದೆ. ಒಂದು ಜೋಡಿ ಮೊಲಕ್ಕೆ ಕಡೇಪಕ್ಷ 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರದ ಜಾಗ ಬೇಕು ಎನ್ನುವುದು ಅದರ ಲೆಕ್ಕ. ಎಂಟಡಿಗೆ ಆರಡಿಯ ಸಾಮಾನ್ಯ ಶೆಡ್ಡಿಗೆ ಪಕ್ಕದಲ್ಲಿ ಜಾಲರಿಯ ಓಡಾಟದ ಅಂಗಳವೊಂದನ್ನು ಸೇರಿಸಿದರೆ ಆ ಅಳತೆ ಸಲೀಸಾಗಿ ದಾಟುತ್ತದೆ.

ರೆಡಿಂಗ್, ಸ್ಲೌ, ಮಿಲ್ಟನ್ ಕೀನ್ಸ್ ಕಡೆ ನೆಲೆಸಿರುವ ಕನ್ನಡಿಗರ ಮನೆಗಳಿಗೂ ಶಾಲೆಗೆ ಹೋಗುವ ಮಕ್ಕಳ ಹಟದಿಂದ ಮೊಲ ಬರುವುದುಂಟು. ಮಗಳ ಮನೆಗೆಂದು ಊರಿಂದ ಬಂದ ಅಜ್ಜಿ ನವೆಂಬರಿನ ಬೆಳಗ್ಗೆ ಹುಲ್ಲಿನ ಮೇಲೆ ಬೆಳ್ಳಗೆ ಕೂತ ಮಂಜನ್ನು ಕಿಟಕಿಯಿಂದ ನೋಡಿ, “ಅಯ್ಯೋ ಪಾಪ, ಅದನ್ನೂ ಒಳಗೆ ಎತ್ಕೊಂಡು ಬಾರೇ” ಎನ್ನುತ್ತಾರೆ. ಅಜ್ಜಿಯ ಕರುಣೆ ದೊಡ್ಡದು. ಮೊಲದ ಮೈಯ ಲೆಕ್ಕ ಮಾತ್ರ ಬೇರೆ.

ಕರ್ನಾಟಕದ ಬಯಲಲ್ಲಿ, ಕುರುಚಲು ಕಾಡಲ್ಲಿ ನೆಗೆದು ಓಡುವ ಕಾಡುಮೊಲ ಬಿಲ ತೋಡುವುದಿಲ್ಲ, ಹುಲ್ಲಿನ ಮರೆಯ ತಗ್ಗಿನಲ್ಲೇ ಮಲಗುತ್ತದೆ. ಸಾಕುಮೊಲ ಬೇರೆ ವಂಶದ್ದು. ಅದರ ಮೂಲ ಸ್ಪೇನ್, ಪೋರ್ಚುಗಲ್‌ಗಳ ಐಬೀರಿಯ. ಅದು ಬಿಲವಾಸಿ. ಮೈಯ ಉಷ್ಣತೆ ಸುಮಾರು 38.5ರಿಂದ 40 ಡಿಗ್ರಿ ಸೆಲ್ಸಿಯಸ್. ಶರತ್ಕಾಲದಲ್ಲಿ ಹಳೆಯ ತುಪ್ಪಳ ಉದುರಿ ದಟ್ಟವಾದ ಹೊಸ ತುಪ್ಪಳ ಬರುತ್ತದೆ. ಹೊರಗೇ ಬೆಳೆದ ಆರೋಗ್ಯವಂತ ಮೊಲ, ಜತೆಗೊಂದು ಸಂಗಾತಿಯಿದ್ದರೆ, ನೀರು ಹೆಪ್ಪುಗಟ್ಟುವ ರಾತ್ರಿಗಳನ್ನೂ ಸುಖವಾಗಿ ಕಳೆಯುತ್ತದೆ. ಅದನ್ನು ಒಂದು ವಾರ ಹೀಟರ್ ಉರಿಯುವ ಕೋಣೆಯಲ್ಲಿಟ್ಟು ಮತ್ತೆ ಹಿಮಕ್ಕೆ ಬಿಡುವುದು ಚಳಿಗಿಂತ ಕೆಟ್ಟದ್ದು. ತೀರಾ ಮುದಿ ಮೊಲ, ಮರಿ, ಕಾಯಿಲೆಯದ್ದು, ಒಂದು ಕಿಲೋ ತೂಗುವ ಕುಳ್ಳ ತಳಿಯದ್ದು ಇದ್ದರೆ ಅಜ್ಜಿಯ ಮಾತೇ ಸರಿ. ಅವು ಚಳಿಗಾಲವಿಡೀ ಮನೆಯೊಳಗೇ ಇರಲಿ.

ಹಾಗಾದರೆ ಮೊಲಕ್ಕೆ ಆಗದ್ದು ಯಾವುದು? ಸೆಕೆ, ತೇವ, ನೆಲಮಟ್ಟದಲ್ಲಿ ಸೀಳಿ ಬರುವ ಗಾಳಿ, ಮೂತ್ರದ ಘಾಟು. ಇವುಗಳಲ್ಲಿ ಜೀವ ತೆಗೆಯುವುದು ಸೆಕೆ. ಮೊಲಕ್ಕೆ ನಮ್ಮ ಹಾಗೆ ಬೆವರುವ ಸೌಕರ್ಯವಿಲ್ಲ. ಆ ಉದ್ದ ಕಿವಿಗಳ ರಕ್ತನಾಳಗಳ ಮೂಲಕ, ಉಸಿರಿನ ಮೂಲಕ ಶಾಖ ಕಳೆದುಕೊಳ್ಳಬೇಕು. 28 ಡಿಗ್ರಿ ದಾಟಿದರೆ ತ್ರಾಸ ಶುರುವಾಗುತ್ತದೆ, 35 ದಾಟಿದರೆ ಪ್ರಾಣಾಪಾಯ. ಶೆಡ್ಡಿಗೆ ಶಾಖನಿರೋಧ, ಅಂದರೆ ಇನ್ಸುಲೇಷನ್, ಎಂದಾಗ ಎಲ್ಲರೂ ಡಿಸೆಂಬರನ್ನೇ ನೆನೆಯುತ್ತಾರೆ. ನೆನೆಯಬೇಕಾದ ತಿಂಗಳು ಜುಲೈ ಕೂಡ ಹೌದು.

ಈಗ ದುಡ್ಡಿನ ಮಾತು. ಸಾಮಾನ್ಯವಾಗಿ ನಡೆಯುವುದೇನೆಂದರೆ, ಮನೆಯವರು ಶೆಡ್ಡಿನ ನಾಲ್ಕೂ ಗೋಡೆ, ನೆಲ, ಚಾವಣಿ ಅಳೆದು, ಅಷ್ಟಕ್ಕೂ ಶಾಖನಿರೋಧಕ ಹಲಗೆ, ಅದರ ಮೇಲೆ ಮುಚ್ಚಲು ಪ್ಲೈವುಡ್ ಎಷ್ಟಾಗುತ್ತದೆ ಎಂದು ಕೇಳಿ, ಮೊತ್ತ ಕಂಡು ತಲೆ ಹಿಡಿದು ಕೂರುತ್ತಾರೆ. ಇಲ್ಲವೇ ಸಾಲದ ಕಾರ್ಡು ಉಜ್ಜುತ್ತಾರೆ. ಎರಡೂ ಬೇಕಿಲ್ಲ. ಸ್ವಲ್ಪ ಶಾಲೆಯ ಭೌತಶಾಸ್ತ್ರ ನೆನಪಿಸಿಕೊಂಡರೆ ಸಾಕು.

ಶಾಖನಿರೋಧಕ ಹಲಗೆ ಶಾಖ ಹುಟ್ಟಿಸುವುದಿಲ್ಲ, ಒಳಗೆ ಹುಟ್ಟಿದ್ದನ್ನು ಹೊರಗೆ ಓಡದಂತೆ ತಡೆಯುತ್ತದೆ ಅಷ್ಟೆ. ಒಳಗೆ ಶಾಖ ಹುಟ್ಟಿಸುವವರು ಯಾರು? ಎರಡು ಮೊಲ. ಎರಡು ಕಿಲೋ ತೂಕದ ಮೊಲವೊಂದು ಸುಮ್ಮನೆ ಮಲಗಿದಾಗ ಹೊರಬಿಡುವ ಶಾಖ ಹೆಚ್ಚುಕಡಿಮೆ ಏಳು ವ್ಯಾಟ್, ಸ್ನಾನದ ಮನೆಯ ಸಣ್ಣ ಎಲ್‌ಇಡಿ ಬಲ್ಬಿನಷ್ಟು. ಜೋಡಿಯದ್ದು ಸೇರಿ 15 ಎಂದಿಟ್ಟುಕೊಳ್ಳೋಣ. ಎಂಟಡಿಗೆ ಆರಡಿಯ ಶೆಡ್ಡಿನ ಗೋಡೆ ಸುಮಾರು 16 ಚದರ ಮೀಟರ್, ಚಾವಣಿ 5, ನೆಲ ನಾಲ್ಕೂವರೆಯ ಹತ್ತಿರ. ಎಲ್ಲ ಸೇರಿ 25. ಗೋಡೆಯ ಹಲಗೆಯ ದಪ್ಪ ಹೆಚ್ಚೆಂದರೆ 12 ಮಿಲಿಮೀಟರ್. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದರೆ ಅಂಥ ಹಲಗೆಯ ಪ್ರತಿ ಚದರ ಮೀಟರಿನಿಂದ ನಾಲ್ಕು ವ್ಯಾಟಿಗೆ ಸಮೀಪದಷ್ಟು ಶಾಖ ಸೋರುತ್ತದೆ. ಇಡೀ ಶೆಡ್ಡಿಗೆ ಅದು 95 ವ್ಯಾಟ್. ಎರಡು ಮೊಲಗಳ 15 ವ್ಯಾಟು ಆ ಶೆಡ್ಡನ್ನು ಬೆಚ್ಚಗೆ ಮಾಡುವುದು ಒಂದು ಡಿಗ್ರಿಯ ಆರರಲ್ಲೊಂದು ಪಾಲು!

ಸರಿ, ಎಲ್ಲ ಕಡೆ 25 ಮಿಲಿಮೀಟರಿನ ಥರ್ಮೋಕೋಲ್ ಹಾಕಿಸಿದರೋ? ಸೋರಿಕೆ ಮೂರರಲ್ಲೊಂದಕ್ಕೂ ಕಡಿಮೆಯಾಗುತ್ತದೆ. ಆದರೆ ಮೊಲಕ್ಕೆ ಉಸಿರಾಡಲು ಗಾಳಿ ಬಿಡಲೇಬೇಕು, ಅದರ ಜತೆ ಹೋಗುವ ಶಾಖವನ್ನೂ ಸೇರಿಸಿ ನೋಡಿದರೆ ಒಳಗಿನ ಏರಿಕೆ ಅರ್ಧ ಡಿಗ್ರಿ ಮುಟ್ಟುವುದೂ ಕಷ್ಟ. ಹತ್ತು ಹಲಗೆ ಥರ್ಮೋಕೋಲ್, ಅದನ್ನು ಮುಚ್ಚಲು ಅಷ್ಟೇ ಪ್ಲೈವುಡ್, ಎರಡು ಶನಿವಾರ ಭಾನುವಾರದ ದುಡಿಮೆ, ಫಲ ಅರ್ಧ ಡಿಗ್ರಿ. ಮನುಷ್ಯರು ಹೀಟರ್ ಇಟ್ಟುಕೊಂಡು ಕೂರುವ ಶೆಡ್ಡಾದರೆ ಈ ಖರ್ಚಿಗೆ ಅರ್ಥವಿದೆ, ಎರಡು ಮೊಲಗಳಿಗಲ್ಲ.

ಈ ಲೆಕ್ಕವನ್ನು ಎಷ್ಟು ಸಲ ಹೇಳಿದರೂ ‘ಗೋಡೆ ಮೊದಲು’ ಎನ್ನುವವರಿದ್ದಾರೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಹತ್ತಿರ ಮೊಲದ ವಿಷಯದಲ್ಲಿ ವಾದ ಮಾಡಬಾರದು.

ಅದೇ 15 ವ್ಯಾಟನ್ನು ಸಣ್ಣ ಪೆಟ್ಟಿಗೆಯೊಳಗೆ ಹಿಡಿದರೆ ಕತೆ ಬೇರೆ. 90 ಸೆಂಟಿಮೀಟರ್ ಉದ್ದ, 50 ಅಗಲ, 45 ಎತ್ತರದ ಮಲಗುವ ಪೆಟ್ಟಿಗೆಯ ಆರೂ ಮೈ ಸೇರಿದರೆ ಎರಡು ಚದರ ಮೀಟರಿಗಿಂತ ತುಸು ಹೆಚ್ಚು. ತೆಳು ಪ್ಲೈವುಡ್ಡಿನ ಎರಡು ಪದರದ ನಡುವೆ 25 ಮಿಲಿಮೀಟರ್ ಥರ್ಮೋಕೋಲ್ ಇಟ್ಟರೆ ಡಿಗ್ರಿಗೆ ಎರಡೇ ವ್ಯಾಟಿನಷ್ಟು ಸೋರಿಕೆ. ಕಾಗದದ ಲೆಕ್ಕದಲ್ಲಿ ಏಳು ಡಿಗ್ರಿ ಏರಿಕೆ. ಓಡಾಡುವ ಕಂಡಿಯಿಂದ ಹೋಗುವುದನ್ನು ಧಾರಾಳವಾಗಿ ಕಳೆದರೂ ಮೂರು ನಾಲ್ಕು ಡಿಗ್ರಿ ಉಳಿಯುತ್ತದೆ. ಇದರ ಒಳಗೆ ಹುಲ್ಲು ತುಂಬಿ, ಆ ಹುಲ್ಲಿನ ನಡುವೆ ಮೊಲಗಳು ಒಂದಕ್ಕೊಂದು ಒತ್ತಿಕೊಂಡು ಮಲಗಿದರೆ ಮೈಗೆ ತಗಲುವ ಗಾಳಿ ಇನ್ನೂ ಬೆಚ್ಚಗೆ. ಕಾಡಿನಲ್ಲಿ ಸಾಕುಮೊಲದ ಬಂಧುಗಳು ಮಾಡುವುದೂ ಇದನ್ನೇ. ಮೈಯಗಲದ ಸುರಂಗ, ಸುತ್ತ ಮಣ್ಣು, ಪಕ್ಕದಲ್ಲಿ ಇನ್ನೊಂದು ಮೈ. ವಿಶಾಲವಾದ ಸುರಂಗವನ್ನು ಮೊಲ ತೋಡುವುದಿಲ್ಲ.

ಪೆಟ್ಟಿಗೆಯ ಕೆಲಸ ಹೀಗೆ. ಒಳಗೊಂದು ಹೊರಗೊಂದು ಪ್ಲೈವುಡ್ ಪೆಟ್ಟಿಗೆ, ನಡುವೆ ಒಂದಂಗುಲದ ಸಂದಿ, ಸಂದಿಯಲ್ಲಿ ಥರ್ಮೋಕೋಲ್ ಹಲಗೆ. ಕಂಡಿ ಮೂಲೆಯಲ್ಲಿರಬೇಕು, ನಡುವಿನಲ್ಲಲ್ಲ. ಕಂಡಿಯ ಒಳಗೆ ಒಂದು ಗೇಣು ಬಿಟ್ಟು ಅಡ್ಡಗೋಡೆಯೊಂದನ್ನು ನಿಲ್ಲಿಸಿದರೆ ಗಾಳಿ ನೇರ ಮಲಗುವ ಜಾಗಕ್ಕೆ ಬಡಿಯುವುದಿಲ್ಲ, ಮೊಲ ಬಳಸಿಕೊಂಡು ಒಳಗೆ ಹೋಗುತ್ತದೆ. ಆ ಅಡ್ಡಗೋಡೆಯ ತುದಿಯನ್ನು ಎರಡೇ ದಿನದಲ್ಲಿ ಕಡಿದು ದುಂಡಗೆ ಮಾಡಿಡುವುದೂ ಅದೇ. ಇನ್ನೊಂದು ತುದಿಯಲ್ಲಿ ಎರಡನೇ ಕಂಡಿ ಇದ್ದರೆ ಒಳ್ಳೆಯದು. ಒಂದೇ ದಾರಿಯಿದ್ದಾಗ ಜಗಳಗಂಟ ಮೊಲ ಬಾಗಿಲಲ್ಲೇ ಕೂತು ಇನ್ನೊಂದನ್ನು ಒಳಗೆ ಬಿಡದೆ ಸತಾಯಿಸುತ್ತದೆ. ಚಳಿಗಾಲಕ್ಕೆ ಆ ಎರಡನೆಯದಕ್ಕೆ ದಪ್ಪ ರಬ್ಬರ್ ಹಾಳೆಯ ಪರದೆ ಇಳಿಬಿಡಬಹುದು. ಮುಚ್ಚಳ ಕೀಲಿನ ಮೇಲೆ ಮೇಲಕ್ಕೆ ತೆರೆಯಬೇಕು. ಹುಲ್ಲು ಬದಲಿಸಲು ಕಷ್ಟವಾದ ಪೆಟ್ಟಿಗೆಯಲ್ಲಿ ಹುಲ್ಲು ಬದಲಾಗುವುದೇ ಇಲ್ಲ.

ಒಳಗೆ ಹಾಸಲು ಹಳೆಯ ರಜಾಯಿ, ಕಂಬಳಿ ಬೇಡ. ಅವು ಮೂತ್ರ ಹೀರಿ ಒದ್ದೆಯಾಗಿಯೇ ಉಳಿಯುತ್ತವೆ, ನೂಲು ಹೊಟ್ಟೆ ಸೇರುತ್ತದೆ. ಬಾರ್ಲಿ, ಗೋಧಿ ಕಟಾವಾದ ಮೇಲೆ ಉಳಿಯುವ ದಂಟುಹುಲ್ಲು ಅಲ್ಲಿ ಸಾಕುಪ್ರಾಣಿ ಅಂಗಡಿಗಿಂತ ಕುದುರೆ ಲಾಯಗಳಿಗೆ ಮಾರುವವರ ಹತ್ತಿರ ಹೊರೆಗಟ್ಟಲೆ ಅಗ್ಗಕ್ಕೆ ಸಿಗುತ್ತದೆ. ದಂಟಿನೊಳಗೆ ಟೊಳ್ಳು, ಟೊಳ್ಳಿನಲ್ಲಿ ಅಲುಗದ ಗಾಳಿ, ಆ ಗಾಳಿಯೇ ಶಾಖನಿರೋಧ. ಮೇವಿನ ಒಣಹುಲ್ಲು ಬೇರೆ, ಅದನ್ನು ಪ್ರತ್ಯೇಕವಾಗಿ ತಿನ್ನಲು ಕೊಡಬೇಕು. ಹಾಸಿದ್ದನ್ನೇ ತಿಂದು ಮುಗಿಸಿದರೆ ರಾತ್ರಿ ಬರಿಯ ಹಲಗೆ.

ಹಲಗೆಯ ಎಣಿಕೆಗೆ ಬರೋಣ. ಬ್ರಿಟನ್ನಿನ ಕಟ್ಟಡ ಸಾಮಗ್ರಿ ಅಂಗಡಿಗಳಲ್ಲಿ ಈ ಹಲಗೆಗಳು 2.4 ಮೀಟರಿಗೆ 1.2 ಮೀಟರ್ ಅಳತೆಯಲ್ಲಿ ಬರುತ್ತವೆ. ಪೆಟ್ಟಿಗೆಗೆ ಒಂದು ಸಾಕು. ಚಾವಣಿಗೆ ಎರಡು. ಒಟ್ಟು ಮೂರು ಹಲಗೆ. ಇದಕ್ಕಿಂತ ಹೆಚ್ಚು ಕೊಳ್ಳುವವರು ಮೊಲಕ್ಕಾಗಿ ಕೊಳ್ಳುತ್ತಿಲ್ಲ, ತಮ್ಮ ಸಮಾಧಾನಕ್ಕೆ ಕೊಳ್ಳುತ್ತಿದ್ದಾರೆ.

ಚಾವಣಿಗೆ ಯಾಕೆ? ಶೆಡ್ಡಿನ ಮಾಡೆಂದರೆ ತೆಳು ಹಲಗೆಯ ಮೇಲೆ ಟಾರು ಬಳಿದ ಕಪ್ಪು ಫೆಲ್ಟ್ ಹಾಳೆ. ಬೇಸಿಗೆಯ ಬಿಸಿಲಿಗೆ ಅದು ಕಾದು, ಕಾವು ನೇರ ಕೆಳಗಿಳಿಯುತ್ತದೆ. 2022ರ ಜುಲೈ 19ರಂದು ಲಿಂಕನ್‌ಷೈರಿನ ಕಾನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ದಾಖಲಾಯಿತು. ಬ್ರಿಟನ್ ಅದುವರೆಗೆ ನಲವತ್ತು ಕಂಡೇ ಇರಲಿಲ್ಲ. ಅದು ನೆರಳಿನಲ್ಲಿ ಅಳೆದ ಲೆಕ್ಕ, ಬಿಸಿಲಿಗೆ ಮೈಯೊಡ್ಡಿದ ಕಪ್ಪು ಮಾಡಿನ ಅಡಿಯದ್ದಲ್ಲ. ಚಳಿಗಾಲದಲ್ಲಿ ಇದೇ ಮಾಡು ಇನ್ನೊಂದು ಚೇಷ್ಟೆ ಮಾಡುತ್ತದೆ. ಮೊಲಗಳ ಉಸಿರು, ಒದ್ದೆ ಹಾಸು ಎರಡರಿಂದಲೂ ಏಳುವ ಆವಿ ತಣ್ಣಗಿನ ಒಳಮೈಗೆ ತಾಗಿ ಹನಿಗಟ್ಟುತ್ತದೆ, ಬೆಳಗಿನ ಹೊತ್ತಿಗೆ ಮಾಡು ಬೆವರಿ ತೊಟ್ಟಿಕ್ಕುತ್ತದೆ. ಮಳೆಯೇ ಇಲ್ಲದ ರಾತ್ರಿ ಹುಲ್ಲು ಒದ್ದೆಯಾದದ್ದು ನೋಡಿ ಮನೆಯವರು ಮಾಡು ಸೋರುತ್ತಿದೆ ಎಂದು ಇನ್ನೊಂದು ಪದರ ಫೆಲ್ಟ್ ಹೊಡೆಸುತ್ತಾರೆ. ಸೋರಿದ್ದು ಹೊರಗಿನಿಂದಲ್ಲ.

ಚಾವಣಿಯ ಜಂತಿಗಳ ನಡುವೆ ಹಲಗೆ ಕೂರಿಸುವಾಗ ಮೇಲಿನ ಮರಕ್ಕೂ ಹಲಗೆಗೂ ನಡುವೆ ಒಂದಂಗುಲ ಗಾಳಿಯಾಡುವ ಸಂದಿ ಬಿಡಬೇಕು, ಇಲ್ಲದಿದ್ದರೆ ಸಿಕ್ಕಿಬಿದ್ದ ತೇವಕ್ಕೆ ಮರ ಕೊಳೆಯುತ್ತದೆ. ಹಲಗೆಯ ಕೆಳಮೈ ಬೆಳ್ಳಿಕಾಗದದ್ದಾದರೆ ಕೂಡುಗಳಿಗೆ ಅಲ್ಯೂಮಿನಿಯಂ ಟೇಪ್ ಅಂಟಿಸಿ. ಆವಿ ಮೇಲೆ ಹೋಗುವ ದಾರಿ ಮುಚ್ಚುತ್ತದೆ. ಇಷ್ಟಕ್ಕೂ ಮೊದಲು ಹರಿದ ಫೆಲ್ಟ್ ಸರಿಪಡಿಸಬೇಕೆಂದು ಬೇರೆ ಹೇಳಬೇಕಿಲ್ಲ.

ಯಾವ ಹಲಗೆ? ಪಿಐಆರ್ ಎಂಬ ಬೆಳ್ಳಿಮೈಯ ಹಳದಿ ನೊರೆಹಲಗೆ ಥರ್ಮೋಕೋಲಿಗಿಂತ ಚೆನ್ನಾಗಿ ಶಾಖ ತಡೆಯುತ್ತದೆ, ಬೆಲೆಯೂ ಹೆಚ್ಚು. ಮೂಲೆ ಮುರಿದ, ಮೈ ಗೀಚಿದ ಹಲಗೆಗಳನ್ನು ‘ಸೆಕೆಂಡ್ಸ್’ ಎಂದು ಕಡಿಮೆಗೆ ಮಾರುತ್ತಾರೆ. ಮೊಲಕ್ಕೆ ಗೀರು ಕಾಣುವುದಿಲ್ಲ. ಪಕ್ಕದ ಬೀದಿಯಲ್ಲಿ ಯಾರಾದರೂ ಮನೆಗೆ ಕೋಣೆ ಸೇರಿಸುತ್ತಿದ್ದರೆ ಕೆಲಸದವರು ಕತ್ತರಿಸಿ ಎಸೆದ ತುಂಡುಗಳು ಗುಡ್ಡೆ ಬಿದ್ದಿರುತ್ತವೆ, ಕೇಳಿ ತಂದರೆ ಪೆಟ್ಟಿಗೆಯ ಮಟ್ಟಿಗೆ ಕಾಸಿಲ್ಲದೆ ಕೆಲಸವಾಗುತ್ತದೆ. ಮೀನಂಗಡಿಯ ಥರ್ಮೋಕೋಲ್ ಡಬ್ಬಿಗಳೂ ಆದೀತು, ಚೆನ್ನಾಗಿ ತೊಳೆದರೆ. ಸರಕಿನ ಪ್ಯಾಲೆಟ್ ಮರ ಬಳಸುವವರು ಅದರ ಮೇಲಿನ ಮುದ್ರೆ ನೋಡಬೇಕು: ‘ಎಚ್‌ಟಿ’ ಎಂದಿದ್ದರೆ ಬರೀ ಕಾಯಿಸಿದ ಮರ, ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ವಿಷಹೊಗೆ ಹಾಕಿದ್ದು. ಕಡಿಯುವ ಪ್ರಾಣಿಯ ಹತ್ತಿರ ಎರಡನೆಯದು ಬೇಡವೇ ಬೇಡ.

ಕಡಿಯುವ ವಿಷಯ ಸಣ್ಣದಲ್ಲ. ಮೊಲದ ಮುಂಬಲ್ಲು ವಾರಕ್ಕೆ ಎರಡು ಮೂರು ಮಿಲಿಮೀಟರ್ ಬೆಳೆಯುತ್ತಲೇ ಇರುತ್ತದೆ. ಥರ್ಮೋಕೋಲ್ ಕಣ್ಣಿಗೆ ಬಿದ್ದರೆ ಬಿಡುವ ಜಾತಿಯಲ್ಲ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ನುಂಗಿದ ನೊರೆಯ ಚೂರು ಕರುಳಿಗೆ ಅಡ್ಡ ಬಿದ್ದರೆ ಪಶುವೈದ್ಯರ ಬಿಲ್ಲಿನಲ್ಲಿ ಇಂಥ ನಾಲ್ಕು ಪೆಟ್ಟಿಗೆ ಕಟ್ಟಬಹುದು, ಮೊಲ ಉಳಿದರೆ. ಆದ್ದರಿಂದ ಹಲಗೆಯ ಒಂದು ಅಂಚೂ ಹೊರಗೆ ಕಾಣಬಾರದು. ಹಿಂಗಾಲಿನ ಮೇಲೆ ನಿಂತ ಮೊಲದ ಬಾಯಿ ಎರಡಡಿ ಎತ್ತರಕ್ಕೆ ಸಿಗುತ್ತದೆ ಎನ್ನುವುದು ಅಳತೆ ಹಿಡಿದವರಿಗೆ ಮರೆಯುತ್ತದೆ. ಸ್ಪ್ರೇ ಡಬ್ಬಿಯ ನೊರೆಯನ್ನು ಸಂದಿಗಳಿಗೆ ತುಂಬಿದರೆ ಅದು ಗಟ್ಟಿಯಾಗಿ, ಘಾಟು ಪೂರ್ತಿ ಹೋಗುವ ತನಕ ಮೊಲಗಳು ಬೇರೆಡೆ ಇರಲಿ. ಗಾಜುನಾರಿನ ಸುರುಳಿ ಅಗ್ಗ ನಿಜ, ಆದರೆ ಅದರ ಎಳೆ ಮೂಗು ಕಣ್ಣಿಗೆ ಚುಚ್ಚುತ್ತದೆ. ಮೇಲಾಗಿ ಇಲಿಗಳಿಗೆ ಅದಕ್ಕಿಂತ ಒಳ್ಳೆಯ ಹಾಸಿಗೆ ಇನ್ನೊಂದಿಲ್ಲ. ಇನ್ನು ಗುಳ್ಳೆಗುಳ್ಳೆಯ ಬೆಳ್ಳಿಹಾಳೆ. ಜಾಹೀರಾತು ಹೇಳುವುದನ್ನು ಕೇಳಿದರೆ ಅದೊಂದೇ ಸಾಕು ಎನ್ನಿಸಬೇಕು. ಅದರ ಮುಂದೆ ಒಂದಂಗುಲ ಖಾಲಿ ಜಾಗ ಬಿಟ್ಟರೆ ಮಾತ್ರ ಬೆಳ್ಳಿಮೈ ಶಾಖದ ಕಿರಣ ತಿರುಗಿಸುತ್ತದೆ. ಎರಡು ಹಲಗೆಯ ನಡುವೆ ಅಮುಕಿ ಮೊಳೆ ಹೊಡೆದರೆ ಉಳಿಯುವುದು ನಾಲ್ಕು ಮಿಲಿಮೀಟರ್ ಪ್ಲಾಸ್ಟಿಕ್.

ಗೋಡೆಗಳಿಗೆ ಏನೂ ಬೇಡವೆಂದಲ್ಲ. ಬೇಕಾದದ್ದು ಗಾಳಿತಡೆ. ಮೊಲದ ಎತ್ತರದಲ್ಲಿ, ನೆಲದಿಂದ ಎರಡೂವರೆ ಅಡಿಯವರೆಗೆ, ಹಲಗೆಗಳ ಸಂದಿಯನ್ನು ಒಳಗಿನಿಂದ ತೆಳು ಪ್ಲೈವುಡ್ ಬಡಿದು ಮುಚ್ಚಿದರೆ ಸಾಕು. ಬಾಗಿಲ ಕೆಳಗಿನ ಬಿರುಕಿಗೆ ಒಂದು ರೀಪಿನ ಪಟ್ಟಿ. ಅದಕ್ಕಿಂತ ಮೇಲೆ ಕೈ ಹಾಕಬಾರದು. ಚಳಿ ಎಂದು ಮೇಲಿನ ಕಿಂಡಿಗಳನ್ನೂ ಬಟ್ಟೆ ತುರುಕಿ ಮುಚ್ಚುವುದು ಶೆಡ್ಡಿನ ಮೊಲಗಳಿಗೆ ಮನುಷ್ಯರು ಮಾಡುವ ದೊಡ್ಡ ಅಪಕಾರ.

ಎರಡು ಮೊಲ ಸೇರಿ ದಿನಕ್ಕೆ ಅರ್ಧ ಲೀಟರಿನಷ್ಟು ನೀರು ಕುಡಿಯಬಲ್ಲವು. ಅದು ಎಲ್ಲಿಗೋ ಹೋಗಲೇಬೇಕಲ್ಲ. ಮೂತ್ರದ ಯೂರಿಯವನ್ನು ಬ್ಯಾಕ್ಟೀರಿಯ ಒಡೆದಾಗ ಅಮೋನಿಯ ಹುಟ್ಟುತ್ತದೆ. ಮೊಲ ಉಸಿರಾಡುವುದು ಮೂಗಿನಿಂದಲೇ, ಬಾಯಿಂದ ಉಸಿರಾಡುವ ಹೊತ್ತಿಗೆ ಅದು ಸಾವಿನ ಅಂಚಿನಲ್ಲಿರುತ್ತದೆ. ಅಂಥ ಮೂಗು ಘಾಟು ಹುಟ್ಟುವ ಹಾಸಿನಿಂದ ನಾಲ್ಕು ಬೆರಳಿನ ಎತ್ತರದಲ್ಲಿ ರಾತ್ರಿಯಿಡೀ ಇರುತ್ತದೆ. ಬೆಳಗ್ಗೆ ಬಾಗಿಲು ತೆರೆದು ನಿಂತ ಆಳಿಗೆ ಏನೂ ವಾಸನೆ ಬರುವುದಿಲ್ಲ. ಮಂಡಿಯೂರಿ, ಕೈ ನೆಲಕ್ಕೂರಿ, ಮೂಲೆಯ ಹುಲ್ಲಿಗೆ ಮುಖ ತಂದು ಒಮ್ಮೆ ಉಸಿರೆಳೆದುಕೊಂಡರೆ ಗೊತ್ತಾಗುತ್ತದೆ. ಕಣ್ಣು ಚುರುಗುಟ್ಟಿದರೆ ಶೆಡ್ ಬೆಚ್ಚಗಿದ್ದೂ ಪ್ರಯೋಜನವಿಲ್ಲ; ಸೋರುವ ಮೂಗು, ಮೂಗು ಒರೆಸಿ ಒರೆಸಿ ಅಂಟುಗಟ್ಟಿದ ಮುಂಗಾಲು, ಪಾಶ್ಚುರೆಲ್ಲ ಸೋಂಕು, ಎಲ್ಲ ಹಿಂದೆಯೇ ಬರುತ್ತವೆ. ಎದುರು ಗೋಡೆಗಳಲ್ಲಿ, ಮಾಡಿಗೆ ಹತ್ತಿರ, ಜಾಲರಿ ಹೊಡೆದ ಎರಡು ಕಿಂಡಿಗಳು ವರ್ಷವಿಡೀ ತೆರೆದಿರಬೇಕು. ನರಿ, ಇಲಿಗಳಿಗೆ ಗಟ್ಟಿ ತಂತಿಜಾಲರಿ, ಅದರ ಮೇಲೆ ಬೇಸಿಗೆಗೆ ಸೊಳ್ಳೆಪರದೆ. ಸೊಳ್ಳೆ, ಚಿಗಟಗಳು ಮಿಕ್ಸೊಮಟೋಸಿಸ್ ಎಂಬ ಮಾರಕ ರೋಗ ಹೊತ್ತು ತರುತ್ತವೆ. 1953ರಲ್ಲಿ ಅದು ಬ್ರಿಟನ್ನಿಗೆ ಕಾಲಿಟ್ಟಾಗ ಅಲ್ಲಿನ ಕಾಡುಮೊಲಗಳು ಸಾಮೂಹಿಕವಾಗಿ ಸತ್ತವು. ಲಸಿಕೆ ಇದೆ, ಹಾಕಿಸಬೇಕು.

ನೆಲದ ಬಗ್ಗೆ ಎರಡು ಮಾತು. ಶೆಡ್ ಮಣ್ಣಿಗೆ ತಾಗದೆ ದಿಮ್ಮಿಗಳ ಮೇಲೆ ಕೂತಿರಬೇಕು. ಒಳಗೆ ವಿನೈಲ್ ಹಾಳೆಯ ತುಂಡೊಂದನ್ನು ಗೋಡೆಗೆ ಗೇಣುದ್ದ ಮಡಚಿ ಹಾಸಿದರೆ ಮೂತ್ರ ಮರಕ್ಕಿಳಿಯುವುದಿಲ್ಲ. ಆದರೆ ಮೊಲದ ಪಾದಕ್ಕೆ ನಾಯಿ ಬೆಕ್ಕಿನ ಹಾಗೆ ಮೆತ್ತೆಯಿಲ್ಲ, ಬರೀ ತುಪ್ಪಳ. ಜಾರುವ ಗಟ್ಟಿ ನೆಲದಲ್ಲಿ ಹಿಮ್ಮಡಿ ಹುಣ್ಣಾಗುತ್ತದೆ. ವಿನೈಲ್ ಮೇಲೆ ಹುಲ್ಲೋ ರಬ್ಬರ್ ಚಾಪೆಯೋ ಇರಲೇಬೇಕು.

ವಿದ್ಯುತ್ ಹೀಟರ್ ಕುರಿತು ಕೇಳುವವರು ತುಂಬ. ಥರ್ಮೋಕೋಲ್ ಭಗ್ಗನೆ ಉರಿಯುವ ವಸ್ತು, ಸುತ್ತ ಒಣಹುಲ್ಲು, ವೈರು ಕಡಿಯುವ ಹಲ್ಲು, ಈ ಮೂರೂ ಒಂದೇ ಸೂರಿನಡಿ ಇರುವಾಗ ಉತ್ತರ ಊಹಿಸಬಹುದು. ದೀಪಕ್ಕೆ ವೈರ್ ಎಳೆಯಲೇಬೇಕೆಂದರೆ ಅದನ್ನು ಥರ್ಮೋಕೋಲಿಗೆ ತಾಗಿಸಬಾರದು. ತಾಗಿದರೆ ವೈರಿನ ಪಿವಿಸಿ ಕವಚದ ಮೆದುಗಾರಕ ನಿಧಾನವಾಗಿ ಥರ್ಮೋಕೋಲಿಗೆ ಇಳಿದು ಕವಚ ಬಿರುಸಾಗಿ ಬಿರುಕು ಬಿಡುತ್ತದೆ. ಅಲ್ಲಿನ ಎಲೆಕ್ಟ್ರಿಷಿಯನ್ನರಿಗೆ ಇದು ಗೊತ್ತು, ಮನೆಯಲ್ಲೇ ಕೆಲಸ ಮಾಡಿಕೊಳ್ಳುವವರಿಗೆ ಗೊತ್ತಿರುವುದಿಲ್ಲ. ತೀರಾ ಕೊರೆಯುವ ರಾತ್ರಿ ಮೈಕ್ರೋವೇವಿನಲ್ಲಿ ಕಾಯಿಸಿ ಹಾಸಿನಡಿ ಇಡುವ ದುಂಡು ತಟ್ಟೆ ಸಾಕಾಗುತ್ತದೆ. ಚಳಿಗಿಂತ ಹೆಚ್ಚು ಗಮನ ಬೇಕಾದದ್ದು ನೀರಿಗೆ. ಬಾಟಲಿಯಲ್ಲಿ ನೀರು ಅಲುಗಾಡುತ್ತಿದ್ದರೂ ಕೊಳವೆಯ ತುದಿಯ ಗುಂಡು ಮೊದಲೇ ಹೆಪ್ಪುಗಟ್ಟಿರುತ್ತದೆ. ಬೆಳಗ್ಗೆ ಬೆರಳಿನಿಂದ ಗುಂಡು ಒತ್ತಿ ನೋಡದೆ ‘ನೀರಿದೆ’ ಎಂದು ಹೋಗುವವರ ಮೊಲ ದಿನವಿಡೀ ಬಾಯಾರುತ್ತದೆ. 2010ರದರಂಥ, ನೂರು ವರ್ಷಗಳಲ್ಲೇ ಕಡುಚಳಿಯ ಡಿಸೆಂಬರಿನಲ್ಲಿ ದಿನಕ್ಕೆ ಎರಡು ಮೂರು ಸಲ ಬಾಟಲಿ ಬದಲಿಸಬೇಕಾಗುತ್ತದೆ. ಉಣ್ಣೆಯ ಹಳೆಯ ಕಾಲುಚೀಲ ತೊಡಿಸಿದರೆ ಅದು ಒಂದೆರಡು ಗಂಟೆ ತಡವಾಗಿ ಹೆಪ್ಪುಗಟ್ಟುತ್ತದೆ.

ಕರ್ನಾಟಕದಲ್ಲಿ ಕೂತು ಇದನ್ನೆಲ್ಲ ಕೇಳುತ್ತಿರುವವರಿಗೆ ಇದರಲ್ಲಿ ಬೇಕಾದದ್ದು ಚಾವಣಿಯ ಭಾಗ. ದಕ್ಷಿಣದಲ್ಲಿ ಸಾಕುಮೊಲಕ್ಕೆ ಹಿತವಾದ ಹವೆ ಇರುವುದು ಬೆಟ್ಟಗಳಲ್ಲಿ; ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ ತನ್ನ ದಕ್ಷಿಣದ ಕೇಂದ್ರವನ್ನು ಕೊಡೈಕನಾಲ್ ಕಡೆಯ ಮನ್ನವನೂರಿನಲ್ಲಿಟ್ಟು ಅಲ್ಲಿ ಮೊಲಗಳನ್ನೂ ಸಾಕುತ್ತಿದೆ. ಬಯಲುಸೀಮೆಯ ಮಾತು ಬೇರೆ. ತಂಪಿನ ಊರೆಂದು ಹೆಸರಾದ ಬೆಂಗಳೂರಿನಲ್ಲೇ 2016ರ ಏಪ್ರಿಲ್ 24ರಂದು 39.2 ಡಿಗ್ರಿ ಮುಟ್ಟಿತ್ತು. ತಾರಸಿಯ ಮೇಲೆ ತಗಡಿನ ಶೀಟು ಹೊದಿಸಿದ ಗೂಡಿನಲ್ಲಿ ಮೊಲ ಇಟ್ಟವರಿಗೆ ಆ ಸಂಖ್ಯೆಯ ಅರ್ಥ ತಿಳಿಯಬೇಕು. ಅಂಥ ತಗಡಿನ ಕೆಳಗೆ ಒಂದಂಗುಲ ಸಂದಿ ಬಿಟ್ಟು ಥರ್ಮೋಕೋಲ್, ಮೇಲೆ ಸುಣ್ಣದ ಬಳಿತ ಅಥವಾ ತೆಂಗಿನ ಗರಿಯ ಹೊದಿಕೆ, ಗೋಡೆಯ ಜಾಗದಲ್ಲಿ ಬರೀ ಜಾಲರಿ, ಮಧ್ಯಾಹ್ನಕ್ಕೆ ಬಟ್ಟೆ ಸುತ್ತಿದ ಮಂಜುಗಟ್ಟಿದ ನೀರಿನ ಬಾಟಲಿ. ಮೊಲ ಅದಕ್ಕೆ ಒರಗಿ ಮಲಗುತ್ತದೆ. ರಾಯಚೂರು, ಕಲಬುರಗಿಯ ಒಣಗಾಳಿಯಲ್ಲಿ ಜಾಲರಿಗೆ ಒದ್ದೆ ಗೋಣಿಚೀಲ ಇಳಿಬಿಟ್ಟರೆ ಒಳಗೆ ತಂಪಾಗುತ್ತದೆ. ಮಂಗಳೂರು, ಉಡುಪಿಯ ಕಡೆ ಅದನ್ನೇ ಮಾಡಿದರೆ ತೇವ ತುಂಬಿದ ಗಾಳಿಗೆ ನೀರು ಆರುವುದಿಲ್ಲ, ಗೂಡು ಉಗಿಯ ಪಾತ್ರೆಯಾಗುತ್ತದೆ. ಅಲ್ಲಿ ಗೋಣಿ ತೆಗೆದು ಫ್ಯಾನ್ ಹಾಕಬೇಕು, ಗೂಡನ್ನು ತಾರಸಿಯಿಂದ ಇಳಿಸಿ ಹಲಸಿನ ಮರದ ಬುಡಕ್ಕೆ ತರಬೇಕು.